ಐಸಿಯುನಲ್ಲಿ ಅಪ್ಪ: ವೈದ್ಯರನ್ನು ಏನು ಕೇಳಲಿ, ಅವ್ವನಿಗೆ ಏನು ಹೇಳಲಿ?

ಗದಗ ಕಡೆಯ ಮಗಳು:
ನ್ಯುಮೋನಿಯಾದ ಸೋಂಕು ರಕ್ತಕ್ಕೂ ಹರಡಿ ಅಪ್ಪ ಹುಬ್ಬಳ್ಳಿಯ ಆಸ್ಪತ್ರೆಯೊಂದರಲ್ಲಿ ವೆಂಟಿಲೇಟರ್ ಮೇಲಿದ್ದಾರೆ. ಸಂಜೆ ವೈದ್ಯರು ಬಾಗಿಲಲ್ಲೇ ನಿಂತು ಎರಡು ಮಾತು ಹೇಳಿ ಹೋಗುತ್ತಾರೆ. ಒಂದು ದಿನ ಕಾಕಾ ಕೇಳಿಸಿಕೊಳ್ಳುತ್ತಾರೆ, ಮರುದಿನ ತಮ್ಮ. ಕಾಕಾ ಊರಿಗೆ ಫೋನ್ ಮಾಡಿ ‘ಪರವಾಗಿಲ್ಲ’ ಎನ್ನುತ್ತಾರೆ. ತಮ್ಮ ಮೆಟ್ಟಿಲ ಮೇಲೆ ಕುಳಿತು ಅಳುತ್ತಾನೆ. ಈಗ ಕುತ್ತಿಗೆಗೆ ರಂಧ್ರ ಮಾಡಬೇಕಂತೆ. ಅವ್ವನಿಗೆ ಬಿಪಿ ಇದೆ ಎಂದು ಇನ್ನೂ ಏನೂ ಹೇಳಿಲ್ಲ.

ಐಸಿಯು ನರ್ಸ್, ಧಾರವಾಡ:
ತಂಗಿ, ವೈದ್ಯರ ಜೊತೆ ದಿನವೂ ಮಾತನಾಡುವವರು ಒಬ್ಬರೇ ಇರಲಿ, ಅದು ನೀವೇ ಆಗಿ. ಕಾಕಾ ಹಿರಿಯರು, ಪಕ್ಕದಲ್ಲಿ ನಿಲ್ಲಲಿ. ನೋಟ್‌ಬುಕ್ ನಿಮ್ಮ ಕೈಯಲ್ಲಿರಲಿ.

‘ಹೇಗಿದ್ದಾರೆ’ ಎಂದರೆ ‘ಸೀರಿಯಸ್’ ಎಂಬ ಒಂದೇ ಉತ್ತರ ಬರುತ್ತದೆ. ನಿನ್ನೆಗಿಂತ ಇಂದು ಏನು ಬದಲಾಗಿದೆ ಎಂದು ಕೇಳಿ. ವೆಂಟಿಲೇಟರ್‌ನಲ್ಲಿ ಆಕ್ಸಿಜನ್ ಎಷ್ಟಿಟ್ಟಿದ್ದಾರೆ? ನಾವು ಉಸಿರಾಡುವ ಗಾಳಿಯಲ್ಲಿರುವುದು ಶೇ 21. ನಿನ್ನೆ ಶೇ 80 ಬೇಕಾಗಿದ್ದವರಿಗೆ ಇಂದು 50 ಸಾಕಾದರೆ ಶ್ವಾಸಕೋಶ ಸುಧಾರಿಸುತ್ತಿರಬಹುದು. ಬಿಪಿ ಏರಿಸುವ ಔಷಧ ಹೆಚ್ಚಾಯಿತೇ, ಕಡಿಮೆಯಾಯಿತೇ? ಮೂತ್ರ ಎಷ್ಟು ಹೋಗುತ್ತಿದೆ? ನಿದ್ರೆಯ ಔಷಧ ತಗ್ಗಿಸಿದಾಗ ಕಣ್ಣು ತೆರೆಯುತ್ತಾರೆಯೇ? ಒಂದು ಸುಧಾರಿಸುವಾಗ ಇನ್ನೊಂದು ಹದಗೆಡುವುದುಂಟು. ಕಾಕಾ, ತಮ್ಮ ಇಬ್ಬರೂ ತಮ್ಮ ಕಿವಿಗೆ ಬಿದ್ದದ್ದನ್ನೇ ಹೇಳುತ್ತಿದ್ದಾರೆ.

‘ಗಂಟಲು ಕೊಯ್ದರೆ ಮುಗಿಯಿತು’ ಎಂದು ನಮ್ಮ ಕಡೆ ಮನೆಯವರು ಕುಸಿದು ಕೂರುವುದನ್ನು ನೋಡಿ ನನಗೆ ಬಹಳ ಸಂಕಟವಾಗುತ್ತದೆ. ಹಾಗಲ್ಲ. ಬಾಯಿಯ ಕೊಳವೆಯನ್ನು ವಾರಗಟ್ಟಲೆ ಇಡುವುದು ಕಷ್ಟ. ಟ್ರಾಕಿಯಾಸ್ಟಮಿ, ಅಂದರೆ ಕುತ್ತಿಗೆಯಲ್ಲಿ ರಂಧ್ರ ಮಾಡಿ ಅಲ್ಲಿಂದ ಉಸಿರಿನ ಕೊಳವೆ ಹಾಕುವುದು, ಮಾಡಿದರೆ ನಿದ್ರೆಯ ಔಷಧ ಕಡಿಮೆ ಸಾಕಾಗುತ್ತದೆ, ಕಫ ತೆಗೆಯುವುದು ಸುಲಭ. ಚೇತರಿಸಿಕೊಂಡು ಕೊಳವೆ ತೆಗೆದ ಮೇಲೆ ರಂಧ್ರ ಸಾಮಾನ್ಯವಾಗಿ ತಾನೇ ಮುಚ್ಚಿಕೊಳ್ಳುತ್ತದೆ. ಆದರೂ ಸಹಿ ಹಾಕುವ ಮುನ್ನ, ಅಪ್ಪ ವೆಂಟಿಲೇಟರ್ ಬಿಟ್ಟು ಉಸಿರಾಡುವ ಸಾಧ್ಯತೆ ಎಷ್ಟು ಎಂದು ನೇರವಾಗಿ ಕೇಳಿ.

ಬ್ಯಾಡಗಿಯ ರೈತ:
ಅವ್ವನನ್ನು ಕರೆತನ್ನಿರಿ. ನಮ್ಮ ಮಾವ ಐಸಿಯುನಲ್ಲಿದ್ದಾಗ ಅತ್ತೆ ಒಳಗೆ ಹೋಗುವ ಮೊದಲೇ ನರ್ಸ್ ಎಲ್ಲ ತಿಳಿಸಿದ್ದರು: ಮುಖ ಊದಿದೆ, ಕೊಳವೆ ಎಳೆದುಕೊಳ್ಳದಂತೆ ಕೈಗಳನ್ನು ಬಟ್ಟೆಯಿಂದ ಕಟ್ಟಿದೆ ಎಂದು. ಅತ್ತೆ ಅತ್ತರು. ಆಮೇಲೆ ಮಾವನ ಕಿವಿಯ ಬಳಿ ಬಾಗಿ ಎತ್ತುಗಳ ಸುದ್ದಿ, ಮೆಣಸಿನಕಾಯಿ ದರ ಎಲ್ಲವನ್ನೂ ಹೇಳಿದರು.

ಗದಗ ಕಡೆಯ ಮಗಳು:
ನಾಳೆಯೇ ಕರೆತರುತ್ತೇನೆ. ಅಕ್ಕಾ, ‘ನನ್ನನ್ನು ಯಂತ್ರದ ಮೇಲೆ ಇಡಬೇಡಿ’ ಎಂದು ಅಪ್ಪ ಹಿಂದೊಮ್ಮೆ ಹೇಳಿದ್ದರು. ಅದನ್ನು ವೈದ್ಯರಿಗೆ ಹೇಳಲೇ?

ಐಸಿಯು ನರ್ಸ್, ಧಾರವಾಡ:
ಹೇಳಿ. ಅಪ್ಪನ ಇಚ್ಛೆ ವೈದ್ಯರಿಗೂ ಗೊತ್ತಿರಬೇಕು. ಚೇತರಿಕೆಯ ಭರವಸೆಯೇ ಇಲ್ಲದ ರೋಗಿಗೆ ಜೀವರಕ್ಷಕ ಚಿಕಿತ್ಸೆ ನಿಲ್ಲಿಸಲು ಸುಪ್ರೀಂ ಕೋರ್ಟ್ 2018ರಲ್ಲಿ ಅವಕಾಶ ಕೊಟ್ಟಿತು, 2023ರಲ್ಲಿ ವಿಧಾನವನ್ನು ಸರಳಗೊಳಿಸಿತು. ಅದಕ್ಕೆ ವೈದ್ಯರ ಎರಡು ಮಂಡಳಿಗಳು ಒಪ್ಪಬೇಕು. ಅಪ್ಪ ಆ ಹಂತದಲ್ಲಿದ್ದಾರೆಂದು ಯಾರೂ ಹೇಳಿಲ್ಲ, ಹೆದರಬೇಡಿ. ಆದರೆ ಇದು ಬಾಗಿಲಲ್ಲಿ ನಿಂತು ಆಡುವ ಮಾತಲ್ಲ. ಕುಳಿತು ಮಾತನಾಡಲು ಸಮಯ ಕೇಳಿ. ಅವ್ವ, ಕಾಕಾ, ತಮ್ಮ ಎಲ್ಲರೂ ಇರಲಿ.