ಕೆಲಸಕ್ಕೆ ಸೇರಿದ ಮೇಲೆ ಕನ್ನಡ ಓದುವ ಅಭ್ಯಾಸ ಬೆಳೆಸಿಕೊಂಡವರು ಇದ್ದೀರಾ? ಹೇಗೆ?

ದಾವಣಗೆರೆ_ಹುಡುಗ

ನನಗೆ 24 ವರ್ಷ. ಊರು ದಾವಣಗೆರೆ, ಕೆಲಸ ಬೆಂಗಳೂರಿನಲ್ಲಿ. ಓದಿದ್ದು ಇಂಗ್ಲಿಷ್ ಮೀಡಿಯಂ. ಮನೆಯಲ್ಲಿ ಮಾತೆಲ್ಲಾ ಕನ್ನಡವೇ, ಆದರೆ ಹತ್ತನೇ ಕ್ಲಾಸಿನ ಪರೀಕ್ಷೆ ಆದಮೇಲೆ ಒಂದು ಪೂರ್ತಿ ಕನ್ನಡ ಪುಸ್ತಕ ಅಂತ ಓದಿಲ್ಲ. ಪಿಯುಸಿ, ಇಂಜಿನಿಯರಿಂಗ್ ಎರಡೂ ಗೈಡು, ನೋಟ್ಸಿನಲ್ಲೇ ಮುಗಿದವು.

2025ರಲ್ಲಿ ಬಾನು ಮುಷ್ತಾಕ್ ಅವರಿಗೆ ಅಂತರರಾಷ್ಟ್ರೀಯ ಬೂಕರ್ ಬಂತಲ್ಲ, ಆಗ ಆಫೀಸಿನಲ್ಲಿ ಕನ್ನಡ ಬಾರದವರು ಇಂಗ್ಲಿಷ್ ಅನುವಾದ ತರಿಸಿ ಓದಿದರು, ಆಮೇಲೆ ನನ್ನ ಹತ್ತಿರ ಬಂದು ಮೂಲದಲ್ಲಿ ಹೇಗಿದೆ ಅಂತ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಅವತ್ತಿನಿಂದ ಅದು ಮನಸ್ಸಿನಲ್ಲಿ ಕೊರೆಯುತ್ತಿದೆ.

ಎಲ್ಲರೂ ಹೇಳುತ್ತಾರೆ ಅಂತ ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' ತಂದೆ. ಭಾಷೆ ತುಂಬಾ ಚೆನ್ನಾಗಿದೆ, ಆದರೆ ಸ್ವಲ್ಪ ಪುಟ ಹೋಗುವಷ್ಟರಲ್ಲಿ ಯಾರು ಯಾರ ಮಗ, ಯಾವ ಮನೆಯ ಆಳು ಯಾರು ಅನ್ನೋದೇ ತಪ್ಪಿಹೋಗುತ್ತದೆ. ಹಿಂದಕ್ಕೆ ಹೋಗಿ ಮತ್ತೆ ಓದಬೇಕು. ಇಂಗ್ಲಿಷ್ ಪುಟ ಎರಡು ನಿಮಿಷಕ್ಕೆ ಮುಗಿದರೆ ಕನ್ನಡದ ಪುಟಕ್ಕೆ ಐದು ನಿಮಿಷ ಬೇಕು. ಅಷ್ಟರಲ್ಲಿ ಕೈ ಫೋನಿನ ಕಡೆ ಹೋಗಿರುತ್ತದೆ. ಮೆಟ್ರೋದಲ್ಲಿ ದಿನಾ ಒಂದು ಗಂಟೆ ಸಿಗುತ್ತದೆ, ಆದರೆ ನಿಂತುಕೊಂಡು ಹೋಗಬೇಕು. ಎಲ್ಲಿಂದ ಶುರು ಮಾಡಲಿ? ದಿನಕ್ಕೆ ಇಷ್ಟು ಪುಟ ಅಂತ ಇಟ್ಟುಕೊಂಡರೆ ಆಗುತ್ತದಾ?

---

ಮಲೆನಾಡ_ಮೇಷ್ಟ್ರು

ಡಿಗ್ರಿ ಕಾಲೇಜಿನಲ್ಲಿ ಕನ್ನಡ ಪಾಠ ಮಾಡುತ್ತೇನೆ. ನಿಮ್ಮಂಥ ಹುಡುಗ ಹುಡುಗಿಯರನ್ನು ಪ್ರತಿ ವರ್ಷ ನೋಡುತ್ತೇನೆ, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತಿದ್ದೇನೆ.

ನಿಮಗೆ ಆಸಕ್ತಿ ಇದೆ, ಏಕಾಗ್ರತೆಯೂ ಇದೆ. ಇಲ್ಲದಿರುವುದು ವೇಗ. ಅಭ್ಯಾಸ ಇರುವವರು ಅಕ್ಷರ ಅಕ್ಷರ ಕೂಡಿಸಿ ಓದುವುದಿಲ್ಲ, ಇಡೀ ಪದವನ್ನು ಒಂದೇ ನೋಟಕ್ಕೆ ಹಿಡಿದು ಮುಂದೆ ಹೋಗಿಬಿಡುತ್ತಾರೆ. ಬಿಟ್ಟು ಬಹಳ ವರ್ಷ ಆದವರ ಕಣ್ಣು ಒತ್ತಕ್ಷರ ಬಂದ ಕಡೆಯೆಲ್ಲಾ ನಿಲ್ಲುತ್ತದೆ, ಸಂಧಿಯಾಗಿ ಉದ್ದ ಬೆಳೆದ ಪದ ಬಂದರೆ ಅದನ್ನು ಬಿಡಿಸಿ ನೋಡುತ್ತದೆ, ವಾಕ್ಯದ ಕೊನೆ ಮುಟ್ಟುವ ಹೊತ್ತಿಗೆ ಶುರುವಿನಲ್ಲಿ ಏನಿತ್ತು ಅನ್ನೋದು ಮರೆತಿರುತ್ತದೆ. ಕತೆ ಬೋರು ಅನ್ನಿಸುವುದು ಇಲ್ಲೇ. ಇದಕ್ಕೆ ಇರುವ ಮದ್ದು ಒಂದೇ, ಸುಲಭವಾದದ್ದನ್ನು ಜಾಸ್ತಿ ಓದುವುದು. ಬೇಗ ಬೇಗ ಮುಗಿಯುವಂಥದ್ದು. ಕಷ್ಟದ ಪುಸ್ತಕವನ್ನು ಹಟ ಹಿಡಿದು ಓದಿದರೆ ವೇಗ ಬರುವುದಿಲ್ಲ, ಬೇಜಾರು ಬರುತ್ತದೆ.

ಮೊದಲ ಪುಸ್ತಕಕ್ಕೆ ನಾನು ಕೊಡುವುದು ತೇಜಸ್ವಿಯವರ 'ಕರ್ವಾಲೊ'. 1980ರದ್ದು. ಮೂಡಿಗೆರೆ ಕಡೆಯ ಕಾಡು, ಒಬ್ಬ ವಿಜ್ಞಾನಿ, ಮಂದಣ್ಣ ಅನ್ನುವ ಹಳ್ಳಿ ಹುಡುಗ, ಎಲ್ಲರೂ ಸೇರಿ ಒಂದು ಹಾರುವ ಓತಿಯನ್ನು ಹುಡುಕಿಕೊಂಡು ಹೋಗುತ್ತಾರೆ. ವಾಕ್ಯ ಸರಳ, ಪಾತ್ರಗಳು ಕಡಿಮೆ, ಮುಂದೇನು ಅನ್ನುವ ಕುತೂಹಲ ಕೊನೆವರೆಗೂ ಇರುತ್ತದೆ. ನನ್ನ ಕ್ಲಾಸಿನಲ್ಲಿ ಕನ್ನಡ ಅಂದರೆ ಮುಖ ತಿರುಗಿಸುತ್ತಿದ್ದವರೇ ಅದನ್ನು ಮುಗಿಸಿ ಇನ್ನೊಂದು ಕೊಡಿ ಅಂತ ಕೇಳಿಕೊಂಡು ಬಂದಿದ್ದಾರೆ. ಅದಾದ ಮೇಲೆ ವಿವೇಕ ಶಾನಭಾಗರ 'ಘಾಚರ್ ಘೋಚರ್'. ಬೆಂಗಳೂರಿನದೇ ಕತೆ, ಸಣ್ಣ ಪುಸ್ತಕ, ಕಾಫಿ ಹೌಸಿನಲ್ಲಿ ಶುರುವಾಗುತ್ತದೆ. ಒಂದು ಭಾನುವಾರ ಸಾಕು.

ಇನ್ನೊಂದು ಮಾತು. ನಮ್ಮ ಕಾದಂಬರಿಗಳಲ್ಲಿ ಪಾತ್ರಗಳು ತಮ್ಮ ತಮ್ಮ ಸೀಮೆಯ ಕನ್ನಡದಲ್ಲೇ ಮಾತಾಡುತ್ತವೆ. ಧಾರವಾಡದವರದು ಒಂದು ಥರ, ತೀರ್ಥಹಳ್ಳಿ ಕಡೆಯವರದು ಇನ್ನೊಂದು ಥರ. ದೇವನೂರ ಮಹಾದೇವ ಅವರ 'ಕುಸುಮಬಾಲೆ'ಯಲ್ಲಂತೂ ನಂಜನಗೂಡು ಕಡೆಯ ಮಾತು ಪುಸ್ತಕದ ತುಂಬಾ ಇದೆ. ಬರೀ ಕಣ್ಣಿನಲ್ಲಿ ಓದಿದರೆ ಅಲ್ಲಿ ಎಂಥವರೂ ತಡವರಿಸುತ್ತಾರೆ. ಅಂಥ ಕಡೆ ಜೋರಾಗಿ ಓದಿ, ರೂಮಿನ ಬಾಗಿಲು ಹಾಕಿಕೊಂಡಾದರೂ ಸರಿ. ನಾಲಿಗೆ ಮೇಲೆ ಬಂದ ಕೂಡಲೇ ಅರ್ಥ ಆಗುತ್ತದೆ, ಯಾಕೆಂದರೆ ಅದು ಮಾತಿಗೆ ಅಂತಲೇ ಇರುವ ಕನ್ನಡ, ಪುಸ್ತಕದಲ್ಲಿ ಕಂಡದ್ದಕ್ಕಿಂತ ಬಸ್‌ಸ್ಟ್ಯಾಂಡಿನಲ್ಲಿ, ಸಂತೆಯಲ್ಲಿ, ಮದುವೆಮನೆಯಲ್ಲಿ ನೀವು ಕೇಳಿದ್ದೇ ಜಾಸ್ತಿ ಇರುತ್ತದೆ. ಕ್ಲಾಸಿನಲ್ಲಿ ಸಂಭಾಷಣೆಯ ಭಾಗ ಬಂದಾಗ ನಾನು ಮಕ್ಕಳ ಕೈಲೇ ಓದಿಸುತ್ತೇನೆ. ಮೊದಲ ಎರಡು ಸಾಲು ಎಡವುತ್ತಾರೆ, ಮೂರನೇ ಸಾಲಿಗೆ ದನಿಯೇ ಬದಲಾಗಿರುತ್ತದೆ.

ಪುಟದ ಲೆಕ್ಕ ಬೇಡ. ಲೆಕ್ಕ ತಪ್ಪಿದ ದಿನ ಪುಸ್ತಕದ ಮೇಲೆಯೇ ಸಿಟ್ಟು ಬರುತ್ತದೆ.

---

ಪುಟ_ತಿರುಗಿಸಿ

ಮೇಷ್ಟ್ರು ಹೇಳಿದ್ದು ಹೆಚ್ಚುಕಡಿಮೆ ಒಪ್ಪುತ್ತೇನೆ. ಆದರೆ 'ಮದುಮಗಳು' ಎತ್ತಿಟ್ಟುಬಿಡಬೇಡಿ, ಅದು ಕೈಗೆ ಸಿಗುವ ಹಾಗೇ ಇರಲಿ. ಆ ಕಾದಂಬರಿಯಲ್ಲಿ ಒಬ್ಬ ನಾಯಕ ಅಂತ ಇಲ್ಲ, ಆಳುಗಳು, ಒಡೆಯರು, ನಾಯಿ ಎಲ್ಲರದೂ ಕತೆ, ಹಾಗಾಗಿ ಯಾರನ್ನು ಹಿಡಿದುಕೊಂಡು ಓದಬೇಕು ಅನ್ನೋದೇ ಮೊದಲು ಗೊತ್ತಾಗುವುದಿಲ್ಲ. ಒಂದು ಚೀಟಿಯಲ್ಲಿ ಹೆಸರು, ಮನೆ, ಯಾರಿಗೆ ಏನಾಗಬೇಕು ಅಂತ ಬರೆದುಕೊಂಡು ಅದನ್ನೇ ಬುಕ್‌ಮಾರ್ಕ್ ಮಾಡಿಕೊಳ್ಳಿ. ಗುತ್ತಿ ಅಂದರೆ ಯಾರು, ಐತ ಅಂದರೆ ಯಾರು ಅಂತ ನೋಡಲು ಹಿಂದಕ್ಕೆ ಹೋಗುವ ಕೆಲಸ ಇರುವುದಿಲ್ಲ. ಈಗಲೇ ಓದಿ ಅನ್ನುತ್ತಿಲ್ಲ. ಒಂದು ವರ್ಷ ಆದಮೇಲೆ ಒಂದು ಮಳೆಗಾಲದಲ್ಲಿ ತೆಗೆಯಿರಿ.

ಆಮೇಲೆ, ದೊಡ್ಡ ಸಾಹಿತ್ಯವನ್ನೇ ಓದಬೇಕು ಅನ್ನುವ ಒತ್ತಡ ಯಾಕೆ? ನಮ್ಮಮ್ಮ ಓದಿದ್ದು ಏಳನೇ ಕ್ಲಾಸು. ಸುಧಾ, ತರಂಗದಲ್ಲಿ ಬರುವ ಧಾರಾವಾಹಿಗಳನ್ನು ವಾರ ವಾರ ಕಾದು ಓದುತ್ತಿದ್ದರು, ಕಂತುಗಳನ್ನು ಕತ್ತರಿಸಿ ದಾರದಲ್ಲಿ ಹೊಲಿದು, ರಟ್ಟು ಹಾಕಿ ಪುಸ್ತಕ ಮಾಡುತ್ತಿದ್ದರು. ಓಣಿಯ ಹೆಂಗಸರೆಲ್ಲಾ ಆ ಹೊಲಿದ ಪುಸ್ತಕಗಳನ್ನೇ ಕೈ ಬದಲಾಯಿಸಿಕೊಂಡು ಓದಿದ್ದು. ತ್ರಿವೇಣಿ, ಸಾಯಿಸುತೆ ಹೀಗೆ ಓದಿಕೊಂಡು ಹೋದವರು ಆಮೇಲೆ ಕಾರಂತರನ್ನೂ ಓದಿದರು. ಯಾರೂ ಅವರಿಗೆ ಪಟ್ಟಿ ಕೊಟ್ಟಿರಲಿಲ್ಲ. ಪತ್ತೇದಾರಿ ಇಷ್ಟವಾದರೆ ಪತ್ತೇದಾರಿ ಓದಿ, ಕ್ರಿಕೆಟ್ ಇಷ್ಟವಾದರೆ ಅದರ ಪುಸ್ತಕ ಓದಿ. ರಾತ್ರಿ ನಿದ್ದೆ ಕೆಡಿಸುವ ಒಂದು ಪುಸ್ತಕ ಸಿಗಬೇಕು, ಅಷ್ಟೇ.

---

ಗ್ರಂಥಾಲಯದ_ಮೇಜು

ಸರ್ಕಾರಿ ಗ್ರಂಥಾಲಯದಲ್ಲಿ ಕೆಲಸ ಮಾಡುತ್ತೇನೆ. ಓದಬೇಕು ಅಂತ ಆಸೆಪಡುವ ವಯಸ್ಸಿನವರು ನಮ್ಮಲ್ಲಿಗೆ ದಿನಾ ಬರುತ್ತಾರೆ. ಆದರೆ ಬರುವುದು ಕೆಎಎಸ್, ಪಿಎಸ್‌ಐ, ಎಫ್‌ಡಿಎ ಪರೀಕ್ಷೆಗೆ. ಬೆಳಿಗ್ಗೆ ಬಾಗಿಲು ತೆಗೆಯುವ ಮುಂಚೆಯೇ ಬ್ಯಾಗು ಇಟ್ಟು ಜಾಗ ಹಿಡಿಯುತ್ತಾರೆ. ಪಕ್ಕದ ಸಾಲಿನಲ್ಲೇ ಕತೆ, ಕಾದಂಬರಿಯ ರ‍್ಯಾಕು ಇರುತ್ತದೆ. ಅಲ್ಲಿಗೆ ಕೈ ಹಾಕುವವರು ಹೆಚ್ಚಾಗಿ ರಿಟೈರ್ ಆದವರು. ಇದು ನನಗೆ ತುಂಬಾ ನೋವು ಕೊಡುತ್ತದೆ. ಓದು ಅಂದರೆ ಪರೀಕ್ಷೆ ಅಂತ ಮಕ್ಕಳಿಗೆ ನಾವೇ ಕಲಿಸಿದ್ದೇವೆ, ಪರೀಕ್ಷೆ ಮುಗಿದರೆ ಓದೂ ಮುಗಿಯಿತು ಅಂತ ಅವರು ಅಂದುಕೊಳ್ಳುವುದರಲ್ಲಿ ತಪ್ಪೇನಿದೆ?

ನೀವು ಪುಸ್ತಕ ಕೊಳ್ಳಬೇಡಿ ಅನ್ನುವುದಿಲ್ಲ, ಕೊಳ್ಳಿ. ಆದರೆ ಶುರುವಿಗೆ ಗ್ರಂಥಾಲಯವೇ ಒಳ್ಳೆಯದು. ಕೊಂಡ ಪುಸ್ತಕ ಎಲ್ಲಿಗೂ ಹೋಗುವುದಿಲ್ಲ, ನಾಳೆ ಓದೋಣ ಅಂತ ಇಟ್ಟರೆ ವರ್ಷಗಟ್ಟಲೆ ಹಾಗೇ ಇರುತ್ತದೆ. ನಮ್ಮಲ್ಲಿ ಪುಸ್ತಕಕ್ಕೆ ಒಂದು ಚೀಟಿ ಅಂಟಿಸಿರುತ್ತೇವೆ, ವಾಪಸು ಕೊಡುವ ತಾರೀಖಿನ ಮುದ್ರೆ ಅದರ ಮೇಲೆ ಬೀಳುತ್ತದೆ. ಆ ತಾರೀಖು ಓದಿಸುತ್ತದೆ. ಇನ್ನೂ ದೊಡ್ಡ ಲಾಭ ಅಂದರೆ, ಇಷ್ಟವಾಗದಿದ್ದರೆ ಇಪ್ಪತ್ತು ಪುಟಕ್ಕೇ ಬಿಟ್ಟು ಇನ್ನೊಂದು ತಗೊಂಡು ಹೋಗಬಹುದು, ದುಡ್ಡು ಹೋಯಿತು ಅಂತ ಇರುವುದಿಲ್ಲ. ನಿಮ್ಮ ರುಚಿ ಯಾವುದು ಅಂತ ಗೊತ್ತಾಗುವುದು ಹೀಗೆ ಬಿಟ್ಟು ಬಿಟ್ಟು ಓದಿದಾಗಲೇ.

1965ರ ಗ್ರಂಥಾಲಯ ಕಾಯ್ದೆ ಪ್ರಕಾರ ಆಸ್ತಿ ತೆರಿಗೆಯ ಜೊತೆ ಗ್ರಂಥಾಲಯ ಕರ ಅಂತ ವಸೂಲಾಗುತ್ತದೆ, ಆ ಹಣದಲ್ಲೇ ಈ ಪುಸ್ತಕಗಳು ಬರುವುದು. ಅಂದರೆ ಊರಲ್ಲಿ ನಿಮ್ಮ ಮನೆಯವರೂ ಕಟ್ಟಿರುತ್ತಾರೆ. ಹಕ್ಕಿನಿಂದ ಬನ್ನಿ. ಹಳ್ಳಿಯಲ್ಲಿ ಇರುವವರು ಇದನ್ನು ಓದುತ್ತಿದ್ದರೆ, ಪಂಚಾಯಿತಿಯ ಅರಿವು ಕೇಂದ್ರಕ್ಕೆ, ಅಂದರೆ ಹಳ್ಳಿಯ ಗ್ರಂಥಾಲಯಕ್ಕೆ, ಹೋಗಿ ನೋಡಿ. ಫೋನಿನಲ್ಲೇ ಓದುವವರಿಗೆ 2020ರಿಂದ ಇಲಾಖೆಯ ಡಿಜಿಟಲ್ ಲೈಬ್ರರಿಯೂ ಇದೆ, ನೋಂದಣಿ ಉಚಿತ.

---

ರಾತ್ರಿಪಾಳಿ

ನನಗೂ ನಿಮ್ಮ ವಯಸ್ಸೇ, ನರ್ಸ್ ಆಗಿದ್ದೇನೆ. ಪಾಳಿ ಬದಲಾಗುತ್ತಲೇ ಇರುತ್ತದೆ, ಹಾಗಾಗಿ ದಿನಾ ಇಷ್ಟು ಗಂಟೆಗೆ ಓದು ಅನ್ನುವ ಸಲಹೆ ನನಗೆ ಹೊಂದುವುದೇ ಇಲ್ಲ. ನನಗೆ ಕೈ ಹಿಡಿದದ್ದು ಸಣ್ಣ ಕತೆಗಳು. ಒಂದು ಕತೆ ಒಂದೇ ಸಲಕ್ಕೆ ಮುಗಿಯುತ್ತದೆ, ನಾಲ್ಕು ದಿನ ಬಿಟ್ಟು ಬಂದರೂ ಎಲ್ಲಿ ನಿಲ್ಲಿಸಿದ್ದೆ ಅಂತ ಹುಡುಕಬೇಕಾಗಿಲ್ಲ. ಜಯಂತ ಕಾಯ್ಕಿಣಿಯವರ ಮುಂಬೈ ಕತೆಗಳನ್ನು ಓದಿ. ಬೇರೆ ಊರಿಗೆ ದುಡಿಯಲು ಬಂದು ರೂಮು ಮಾಡಿಕೊಂಡಿರುವವರಿಗೆ ಅವು ತುಂಬಾ ಹತ್ತಿರ ಆಗುತ್ತವೆ. ಬಾನು ಮುಷ್ತಾಕ್ ಅವರಿಗೆ ಬೂಕರ್ ಬಂದದ್ದೂ ಕಾದಂಬರಿಗೆ ಅಲ್ಲ, 12 ಸಣ್ಣ ಕತೆಗಳ ಸಂಕಲನಕ್ಕೆ. ಅಂದರೆ ನೀವು ಓದಬೇಕು ಅಂತ ಆಸೆಪಟ್ಟದ್ದು ನಿಮಗೆ ಈಗಲೇ ಆಗುವಂಥದ್ದೇ!

ಮೆಟ್ರೋದಲ್ಲಿ ನಿಂತುಕೊಂಡಿದ್ದಾಗ ಆಡಿಯೋ ಪುಸ್ತಕ ಕೇಳಿ. ಮೈಲ್ಯಾಂಗ್ ಆಪಿನಲ್ಲಿ ಕನ್ನಡದವು ಸಿಗುತ್ತವೆ. ಕೇಳುವುದು ಓದಲ್ಲ ಅಂತ ಕೆಲವರು ಹೇಳುತ್ತಾರೆ, ನಾನು ಒಪ್ಪುವುದಿಲ್ಲ. ಕೇಳಿ ಕಿವಿಗೆ ವಾಕ್ಯದ ಓಟ ಕೂತಮೇಲೆ ಅದೇ ಪುಸ್ತಕ ಕೈಯಲ್ಲಿ ಹಿಡಿದಾಗ ಕಣ್ಣೂ ಬೇಗ ಓಡುತ್ತದೆ. ಮೇಷ್ಟ್ರು ಹೇಳಿದ ಜೋರಾಗಿ ಓದುವ ಉಪಾಯವೂ ಇದೇ ಅಲ್ವಾ?

ಮಲಗುವಾಗ ಫೋನನ್ನು ಇನ್ನೊಂದು ರೂಮಿನಲ್ಲಿ ಚಾರ್ಜಿಗೆ ಹಾಕಿ. ಅಲಾರಂಗೆ ಒಂದು ಸಾದಾ ಗಡಿಯಾರ ತಗೊಳ್ಳಿ.

---

ದಾವಣಗೆರೆ_ಹುಡುಗ

ಇಷ್ಟೊಂದು ಜನ ಇಷ್ಟು ಮನಸ್ಸಿಟ್ಟು ಬರೆಯುತ್ತೀರಿ ಅಂತ ಅಂದುಕೊಂಡಿರಲಿಲ್ಲ. ತುಂಬಾ ಥ್ಯಾಂಕ್ಸ್. ನಿಧಾನಕ್ಕೆ ಓದುವುದು ದಡ್ಡತನ ಅಂದುಕೊಂಡಿದ್ದೆ, ಮೇಷ್ಟ್ರ ಮಾತು ಓದಿ ಧೈರ್ಯ ಬಂತು. 'ಕರ್ವಾಲೊ'ದಿಂದ ಶುರು ಮಾಡುತ್ತೇನೆ, ಅದರ ಜೊತೆ ಒಂದು ಕಥಾಸಂಕಲನ. 'ಮದುಮಗಳು' ಹಾಸಿಗೆ ಪಕ್ಕದಲ್ಲೇ ಇರುತ್ತದೆ.

ಗ್ರಂಥಾಲಯದವರಿಗೆ ಒಂದು ಪ್ರಶ್ನೆ. ನಾನು ಪಿಜಿಯಲ್ಲಿ ಇದ್ದೇನೆ, ಆಧಾರ್ ದಾವಣಗೆರೆ ವಿಳಾಸದ್ದು. ಬೆಂಗಳೂರಿನಲ್ಲಿ ಸದಸ್ಯನಾಗಬಹುದಾ?

---

ಗ್ರಂಥಾಲಯದ_ಮೇಜು

ಅದರ ಚಿಂತೆ ಬೇಡ. ಆಧಾರ್ ಜೊತೆ ಆಫೀಸಿನ ಗುರುತಿನ ಚೀಟಿ, ಎರಡು ಫೋಟೋ ತಗೊಂಡು ಹತ್ತಿರದ ಶಾಖೆಗೆ ಹೋಗಿ ಕೇಳಿ. ಈಗಿನ ವಿಳಾಸಕ್ಕೆ ಪಿಜಿಯವರಿಂದ ಒಂದು ಪತ್ರ ಇದ್ದರೆ ಇನ್ನೂ ಒಳ್ಳೆಯದು. ಠೇವಣಿ ಸ್ವಲ್ಪ ಕಟ್ಟಿಸಿಕೊಳ್ಳುತ್ತಾರೆ. ಸೋಮವಾರ ಮಾತ್ರ ಹೋಗಬೇಡಿ, ರಜೆ ಇರುತ್ತದೆ. ಸದಸ್ಯತ್ವ ಆಗುವವರೆಗೂ ಅಲ್ಲೇ ಕೂತು ಓದಲು ಯಾರೂ ಏನೂ ಕೇಳುವುದಿಲ್ಲ.