14 ವರ್ಷದ ನಾಯಿಗೆ ಕಿಡ್ನಿ ತೊಂದರೆ, ಅನುಭವ ಇರೋರು ಹೇಳಿ

ನಮ್ಮ ರಾಜನಿಗೆ 14 ವರ್ಷ. ಎರಡೂ ಕಿಡ್ನಿ ಸೋತಿವೆ, ಕ್ರಿಯಾಟಿನಿನ್ (ಕಿಡ್ನಿ ಸೋಸಿ ಹೊರಹಾಕಬೇಕಾದ ರಕ್ತದ ಕಲ್ಮಶ) ಹೋದ ವಾರ 5.2 ಇತ್ತು, ತುಂಬಾ ಜಾಸ್ತಿ. ಮನೆಯಲ್ಲೇ ಚರ್ಮದಡಿ ಡ್ರಿಪ್ ಕೊಡೋದನ್ನ ಡಾಕ್ಟರು ಹೇಳಿಕೊಟ್ಟಿದ್ದಾರೆ. ಭುಜದ ಹತ್ತಿರ ಚರ್ಮ ಎತ್ತಿ ಸೂಜಿ ಚುಚ್ಚುವಾಗ ನನ್ನ ಕೈ ನಡುಗುತ್ತೆ. ಅವನು ಸುಮ್ಮನೆ ನನ್ನ ಮುಖ ನೋಡ್ತಾನೆ. ನೀರು ಗಡ್ಡೆ ಥರ ನಿಂತು ಮೆಲ್ಲಗೆ ಮುಂಗಾಲಿಗೆ ಇಳಿಯುತ್ತೆ. ಸಹಜ ಅಂದಿದ್ದಾರೆ, ಆದರೂ ಭಯ.

ಫಾಸ್ಫರಸ್ ಕಡಿಮೆಯಿರೋ ಕಿಡ್ನಿ ಫುಡ್ ಮೂಸಿ ಮುಖ ತಿರುಗಿಸ್ತಾನೆ. ನೀವು ಹೇಗೆ ತಿನ್ನಿಸಿದಿರಿ? ರಾತ್ರಿ ಏಳಲಾಗದೆ ಮಲಗಿದಲ್ಲೇ ಉಚ್ಚೆ ಆಗಿಬಿಡುತ್ತೆ, ಪಾಪ. ಮೊಣಕೈ ಹತ್ತಿರ ಹುಣ್ಣಾಗದ ಹಾಗೆ ಏನು ಹಾಸ್ತೀರಿ?

"ಇಂಜೆಕ್ಷನ್ ಕೊಡಿಸಿ ಮುಗಿಸಿ" ಅನ್ನೋ ಸಲಹೆ ಈಗಲೇ ಬೇಡ. ಬಾಗಿಲು ಸದ್ದಾದರೆ ಇನ್ನೂ ಬಾಲ ಆಡಿಸ್ತಾನೆ. ಆದರೆ ಆ ದಿನ ಬಂತು ಅಂತ ನಿಮಗೆ ಹೇಗೆ ಗೊತ್ತಾಯ್ತು, ಅದನ್ನೂ ಹೇಳಿ.