ಏಳು ದಿನದ ಲಾಂಗ್ ರೆಸ್ಟ್ ನಿಯಮ ತಂದ ಮೇಲೆ ವಿಝಾರ್ಡ್ ಕೈಕಟ್ಟಿ ಕೂತಿದ್ದಾನೆ: ಪರಿಹಾರ ಬೇಕು

ಬರದಸೀಮೆ

ನಾನೇ ಕಟ್ಟಿದ ಲೋಕದಲ್ಲಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಎಂಬ, ಪಾತ್ರ ವಹಿಸಿ ದಾಳ ಉರುಳಿಸುವ ಆಟ ಆಡಿಸುತ್ತಿದ್ದೇನೆ. ಚಿತ್ರದುರ್ಗದ ಕಡೆಯ ಬಯಲುಸೀಮೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಕಟ್ಟಿದ ಒಣನಾಡು ಅದು: ಬಂಡೆಗುಡ್ಡಗಳು, ಸುತ್ತುಕೋಟೆಗಳು, ಒಂದರ ಕೋಡಿ ಇನ್ನೊಂದಕ್ಕೆ ಹರಿಯುವಂತೆ ಕಟ್ಟಿದ ಕೆರೆಗಳ ಸಾಲು, ಅವುಗಳಲ್ಲಿ ಬಹುಪಾಲು ಬತ್ತಿವೆ. ಇಂಥ ನಾಡಿನಲ್ಲಿ ದಾರಿ ನಡೆಯುವುದೇ ಒಂದು ಪರೀಕ್ಷೆಯಾಗಬೇಕು ಎಂಬುದು ನನ್ನ ಉದ್ದೇಶ. ಆದರೆ ಆಟಗಾರರು ಒಂದು ಕಾಳಗ ಮುಗಿಸಿ ಮಲಗಿ, ಬೆಳಿಗ್ಗೆ ಎಲ್ಲವನ್ನೂ ಮರಳಿ ಪಡೆದು ಹೊರಡುತ್ತಿದ್ದರು. ಆದ್ದರಿಂದ ಆಟ ನಡೆಸುವವರ ಕೈಪಿಡಿಯಾದ ಡಂಜನ್ ಮಾಸ್ಟರ್ಸ್ ಗೈಡ್‌ನಲ್ಲಿರುವ ಪರ್ಯಾಯ ನಿಯಮವನ್ನು, ಅಂದರೆ ರಾತ್ರಿಯ ಎಂಟು ಗಂಟೆಗಳನ್ನು ಶಾರ್ಟ್ ರೆಸ್ಟ್ (ಸ್ವಲ್ಪ ಮಾತ್ರ ಮರಳಿಸುವ ವಿಶ್ರಾಂತಿ) ಎಂದೂ ಏಳು ದಿನಗಳ ಬಿಡಾರವನ್ನು ಲಾಂಗ್ ರೆಸ್ಟ್ (ಪೂರ್ತಿ ಚೇತರಿಕೆಯ ವಿಶ್ರಾಂತಿ) ಎಂದೂ ಎಣಿಸುವ ನಿಯಮವನ್ನು ಜಾರಿಗೆ ತಂದೆ.

ಈಗ ವಿಝಾರ್ಡ್ ಎಂಬ ಮಂತ್ರವಾದಿಯ ಪಾತ್ರ ಆಡುವವರು ಅರ್ಧ ಸೆಷನ್ ಫೋನ್ ನೋಡುತ್ತ ಕೂರುತ್ತಾರೆ. ಇನ್ನೊಂದು ಬಗೆಯ ಮಂತ್ರವಾದಿಯಾದ ವಾರ್ಲಾಕ್ ಒಬ್ಬನೇ ಎಲ್ಲ ಕಾಳಗಗಳನ್ನೂ ಗೆಲ್ಲುತ್ತಿದ್ದಾನೆ. ನಿಯಮ ಪುಸ್ತಕದ್ದೇ ಆಗಿರುವಾಗ ಹೀಗೇಕೆ? ಹೊಡೆಯುವಾಗ ಇಪ್ಪತ್ತು ಮುಖದ ದಾಳದಲ್ಲಿ 1 ಬಿದ್ದರೆ ಆಯುಧ ಕೈಜಾರುತ್ತದೆ ಎಂಬ ಹೌಸ್ ರೂಲ್ (ನಾವೇ ಮಾಡಿಕೊಂಡ ನಿಯಮ) ಕೂಡ ನಮ್ಮಲ್ಲಿದೆ. ಅದಕ್ಕೂ ಇದಕ್ಕೂ ಸಂಬಂಧವಿಲ್ಲ.

ಹಳೆದಾಳ

ಇದು ಕಾಳಗಗಳ ಸಂಖ್ಯೆಯ ಸಮಸ್ಯೆ, ಬೇರೇನೂ ಅಲ್ಲ. 2014ರ ಗೈಡ್ ಪ್ರಕಾರ ಒಂದು ತಂಡ ಎರಡು ಲಾಂಗ್ ರೆಸ್ಟ್‌ಗಳ ನಡುವೆ ಮಧ್ಯಮ ಅಥವಾ ಕಠಿಣ ಮಟ್ಟದ ಆರರಿಂದ ಎಂಟು ಎನ್‌ಕೌಂಟರ್‌ಗಳನ್ನು ತಾಳಿಕೊಳ್ಳುತ್ತದೆ. ನೀವು ಆ ಮಿತಿಯನ್ನು ದಾಟಿಸುತ್ತಿದ್ದೀರಿ. ಕಾಳಗಗಳನ್ನು ಕಡಿಮೆ ಮಾಡಿ.

ಕೋಡಿಹಳ್ಳ

ಯಾವ ಆವೃತ್ತಿ, ಎಷ್ಟನೇ ಲೆವೆಲ್, ದಿನಕ್ಕೆ ಎಷ್ಟು ಕಾಳಗ, ಒಂದು ಪ್ರಯಾಣ ಎಷ್ಟು ದಿನದ್ದು ಎಂಬುದನ್ನು ತಿಳಿಸಿದರೆ ಮಾತ್ರ ಏನಾದರೂ ಹೇಳಬಹುದು. ಇನ್ನೊಂದು ಮಾತು: ಆ ಕೈಜಾರುವ ನಿಯಮವನ್ನು ಮೊದಲು ತೆಗೆದುಹಾಕಿ.

ಬರದಸೀಮೆ

2014ರ ಪುಸ್ತಕಗಳು, ಎಲ್ಲರೂ ಐದನೇ ಲೆವೆಲ್. ದಿನಕ್ಕೆ ಸುಮಾರು ಒಂದು ಕಾಳಗ. ಒಂದು ಕೋಟೆಯಿಂದ ಇನ್ನೊಂದಕ್ಕೆ ಎಂಟು ದಿನದ ದಾರಿ. ಏಳು ದಿನ ತಂಗಲು ಕೋಟೆಯೊಳಗಲ್ಲದೆ ಬೇರೆ ಜಾಗವಿಲ್ಲ. ನಕ್ಷೆಯನ್ನು ಹಿಂದೊಮ್ಮೆ ಇಲ್ಲಿಯೇ ಹಾಕಿದ್ದರಿಂದ ಇದು ಎಲ್ಲರಿಗೂ ಗೊತ್ತಿರುತ್ತದೆ ಎಂದುಕೊಂಡೆ.

ಹಳೆದಾಳ

ನೋಡಿ, ಎಂಟು ದಿನಕ್ಕೆ ಎಂಟು ಕಾಳಗ. ಆರಕ್ಕೆ ಇಳಿಸಿ.

ಇಪ್ಪತ್ತುಮುಖ

ಕೈಜಾರುವ ನಿಯಮದ ಬಗ್ಗೆ ಕೋಡಿಹಳ್ಳ ಅವರು ಹೇಳಿದ್ದು ಸರಿ. ಒಂದು ಸಲ ದಾಳ ಉರುಳಿಸಿದಾಗ 1 ಬೀಳುವ ಸಾಧ್ಯತೆ ಶೇಕಡಾ 5. ಐದನೇ ಲೆವೆಲ್ಲಿನ ಫೈಟರ್ ಸರದಿಗೆ ಎರಡು ಬಾರಿ ಹೊಡೆಯುವುದರಿಂದ ಆ ಸರದಿಯಲ್ಲಿ ಒಮ್ಮೆಯಾದರೂ ಆಯುಧ ಬೀಳುವ ಸಾಧ್ಯತೆ ಶೇಕಡಾ 9.75 ಆಗುತ್ತದೆ, ಇಪ್ಪತ್ತನೇ ಲೆವೆಲ್ಲಿನಲ್ಲಿ ನಾಲ್ಕು ಹೊಡೆತವಾದಾಗ ಅದು ಶೇಕಡಾ 18.5ನ್ನು ಮೀರುತ್ತದೆ. ಕೈ ಪಳಗಿದಷ್ಟೂ ಕತ್ತಿ ಹೆಚ್ಚು ಬೀಳುತ್ತದೆ ಎಂಬುದು ಎಂಥ ಲೋಕದ ನ್ಯಾಯ? ಫೈರ್‌ಬಾಲ್ ಎಸೆಯುವವನು ಹೊಡೆತದ ದಾಳವನ್ನೇ ಉರುಳಿಸುವುದಿಲ್ಲವಾದ್ದರಿಂದ ಅವನಿಗೆ ಈ ಶಿಕ್ಷೆ ತಟ್ಟುವುದೇ ಇಲ್ಲ.

ಹಳೆದಾಳ

ನಮ್ಮ ಗುಂಪಿನಲ್ಲಿ ಮೊದಲಿನಿಂದಲೂ ಆ ನಿಯಮವಿದೆ. ಕತ್ತಿ ಬಿದ್ದಾಗ ಎಲ್ಲರೂ ನಗುತ್ತಾರೆ, ಫೈಟರ್ ಆಡುವವರೇ ಹೆಚ್ಚು ನಗುತ್ತಾರೆ. ಎಲ್ಲವನ್ನೂ ಶೇಕಡಾವಾರಿನಲ್ಲಿ ಅಳೆಯುವುದಾದರೆ ಆಟವೇಕೆ?

ಇಪ್ಪತ್ತುಮುಖ

ಕಾಳಗಗಳು ಆರೇ ಎಂಟೇ ಎಂದು ಎಣಿಸುತ್ತಿರುವವರು ನೀವೇ ಅಲ್ಲವೇ, ಹಳೆದಾಳ ಅವರೇ?

ಕೋಡಿಹಳ್ಳ

ಮೂಲ ಪ್ರಶ್ನೆಗೆ ಬರೋಣ. ತೊಡಕು ಕಾಳಗಗಳ ಸಂಖ್ಯೆಯಲ್ಲಿಲ್ಲ, ಒಂದು ಲಾಂಗ್ ರೆಸ್ಟ್‌ಗೆ ಎಷ್ಟು ಶಾರ್ಟ್ ರೆಸ್ಟ್ ಬೀಳುತ್ತಿದೆ ಎಂಬುದರಲ್ಲಿದೆ. ಸಾಮಾನ್ಯ ದಿನವೊಂದರಲ್ಲಿ ಎರಡು ಶಾರ್ಟ್ ರೆಸ್ಟ್ ಸಿಗುತ್ತದೆ ಎಂಬ ಲೆಕ್ಕದ ಮೇಲೆ ಈ ವರ್ಗಗಳನ್ನು ತೂಗಿಸಲಾಗಿದೆ. ಐದನೇ ಲೆವೆಲ್ಲಿನ ವಾರ್ಲಾಕ್‌ಗೆ ಇರುವುದು ಎರಡೇ ಸ್ಲಾಟ್ (ಒಂದು ಮಂತ್ರ ಪ್ರಯೋಗಿಸುವ ಅವಕಾಶ), ಆದರೆ ಎರಡೂ ಮೂರನೇ ಮಟ್ಟದವು ಮತ್ತು ಪ್ರತಿ ಶಾರ್ಟ್ ರೆಸ್ಟ್‌ಗೂ ಮರಳುತ್ತವೆ. ದಿನಕ್ಕೆ ಒಟ್ಟು ಆರು. ನಿಮ್ಮ ಎಂಟು ದಿನದ ದಾರಿಯಲ್ಲಿ ಏಳು ರಾತ್ರಿ ಬರುವುದರಿಂದ ಅವನ ಕೈಗೆ ಹದಿನಾರು ಸಿಗುತ್ತಿವೆ. ವಿಝಾರ್ಡ್‌ಗೆ ಅದೇ ಅವಧಿಗೆ ಒಂಬತ್ತು, ಅದರಲ್ಲಿ ಮೂರನೇ ಮಟ್ಟದವು ಎರಡು ಮಾತ್ರ. ಕಾಳಗಗಳನ್ನು ಆರಕ್ಕಲ್ಲ, ಮೂರಕ್ಕೆ ಇಳಿಸಿದರೂ ಈ ಅಂತರ ಹಾಗೆಯೇ ಉಳಿಯುತ್ತದೆ.

ಆದರೂ ಒಂದು ಅನುಮಾನ. ಖರ್ಚಾದ ಸ್ಲಾಟ್ ಮರಳಿಸುವ ಆರ್ಕೇನ್ ರಿಕವರಿ ಶಾರ್ಟ್ ರೆಸ್ಟ್ ಮುಗಿದಾಗ ವಿಝಾರ್ಡ್‌ಗೆ ದಿನಕ್ಕೊಮ್ಮೆ ದೊರೆಯುವ ಸವಲತ್ತು. ನಿಮ್ಮ ನಿಯಮದಲ್ಲಿ ಪ್ರತಿ ರಾತ್ರಿಯೂ ಶಾರ್ಟ್ ರೆಸ್ಟ್ ಆಗಿರುವಾಗ ಐದನೇ ಲೆವೆಲ್ಲಿನ ವಿಝಾರ್ಡ್‌ಗೆ ರಾತ್ರಿಗೆ ಮೂರು ಮಟ್ಟಗಳಷ್ಟು, ಏಳು ರಾತ್ರಿಗೆ ಇಪ್ಪತ್ತೊಂದು ಮಟ್ಟಗಳಷ್ಟು ಸ್ಲಾಟ್ ಮರಳಬೇಕು. ಅವನ ಮೂಲ ಸ್ಲಾಟ್‌ಗಳನ್ನೆಲ್ಲ ಕೂಡಿಸಿದರೂ ಹದಿನಾರೇ ಮಟ್ಟ. ಹಾಗಿದ್ದರೆ ಅವರು ಫೋನ್ ನೋಡುವ ಪ್ರಮೇಯ ಬರಬಾರದಿತ್ತು.

ಬರದಸೀಮೆ

ಆರ್ಕೇನ್ ರಿಕವರಿ ನಮ್ಮಲ್ಲಿ ಲಾಂಗ್ ರೆಸ್ಟ್‌ಗೆ ಒಮ್ಮೆ ಮಾತ್ರ. ದಿನ ಎಂದರೆ ಒಂದು ಲಾಂಗ್ ರೆಸ್ಟ್‌ನಿಂದ ಇನ್ನೊಂದರವರೆಗೆ ಎಂಬುದು ಸಹಜ ಅರ್ಥವಲ್ಲವೇ? ಅದನ್ನು ಬೇರೆಯಾಗಿ ಹೇಳಬೇಕೆಂದು ನನಗೆ ಅನ್ನಿಸಲಿಲ್ಲ.

ಇಪ್ಪತ್ತುಮುಖ

ಅದನ್ನೇ ಮೊದಲ ಸಾಲಿನಲ್ಲಿ ಹೇಳಬೇಕಿತ್ತು!

ಹಳೆದಾಳ

ಹಾಗಿದ್ದರೂ ಕಾಳಗಗಳನ್ನು ಕಡಿಮೆ ಮಾಡಿದರೆ ಯಾರಿಗೂ ಕೊರತೆ ಬೀಳುವುದಿಲ್ಲ.

ಕೋಡಿಹಳ್ಳ

ಪುಸ್ತಕದ ಮಾತನ್ನು ಹಾಗೆಯೇ ಹಿಡಿದರೆ ವಿಝಾರ್ಡ್ ಕೈಮೀರುತ್ತಾನೆ, ನಿಮ್ಮ ತಿದ್ದುಪಡಿಯಲ್ಲಿ ಬಡವಾಗುತ್ತಾನೆ. ಇನ್ನೊಂದು ಸೋರಿಕೆಯನ್ನೂ ಗಮನಿಸಿ. ವಿಝಾರ್ಡ್‌ನ ಮೈ ಕಾಯುವ ಮಂತ್ರವಾದ ಮೇಜ್ ಆರ್ಮರ್‌ನ ಅವಧಿ ಎಂಟು ಗಂಟೆ. ಹಳೆಯ ಲೆಕ್ಕದಲ್ಲಿ ಮೊದಲ ಮಟ್ಟದ ಒಂದು ಸ್ಲಾಟ್ ಕೊಟ್ಟರೆ ಆ ದಿನದ ನಡಿಗೆಗೆಲ್ಲ ಸಾಕಾಗುತ್ತಿತ್ತು. ಈಗ ಪ್ರತಿ ಬೆಳಿಗ್ಗೆ ಒಂದು ಕೊಡಬೇಕು. ಅವರಿಗೆ ಮೊದಲ ಮಟ್ಟದವು ನಾಲ್ಕೇ ಇರುವುದರಿಂದ ಐದನೇ ಬೆಳಿಗ್ಗೆ ಎರಡನೇ ಮಟ್ಟದ ಸ್ಲಾಟ್ ಮುರಿಯಬೇಕು, ಇಲ್ಲವೇ ಬರಿಮೈಯಲ್ಲಿ ನಡೆಯಬೇಕು. ಮೈ ಕಾಯುವುದಕ್ಕೇ ಸ್ಲಾಟ್‌ಗಳು ಕರಗಿದರೆ ಕಾಳಗಕ್ಕೆ ಉಳಿಯುವುದೇನು?

ನಕ್ಷೆಗಾರ

ಪರಿಹಾರ ನಿಯಮದ ಪುಸ್ತಕದಲ್ಲಿಲ್ಲ, ನಕ್ಷೆಯಲ್ಲಿದೆ. ನಮ್ಮ ನಕ್ಷೆಯನ್ನು ಟೇಬಲ್ ತುಂಬುವ ಖಾದಿ ಬಟ್ಟೆಯ ಮೇಲೆ ಮಸಿಯಲ್ಲಿ ಬರೆದಿದ್ದೇವೆ. ಒಂದೊಂದು ಹೆಕ್ಸ್‌ಗೆ (ಆರು ಮೂಲೆಯ ಮನೆಗೆ) ಆರು ಮೈಲಿ, ನೀರಿರುವ ಕೆರೆಗೆ ನೀಲಿ ಗಾಜಿನ ಮಣಿ, ಬತ್ತಿದ್ದಕ್ಕೆ ಹುಣಸೆ ಬೀಜ. ನೋಡಿದವರೆಲ್ಲ ಫೋಟೋ ತೆಗೆದುಕೊಂಡೇ ಹೋಗುತ್ತಾರೆ.

ನಾವು ವಿಶ್ರಾಂತಿಯನ್ನು ಗಡಿಯಾರಕ್ಕೆ ಕಟ್ಟದೆ ಜಾಗಕ್ಕೆ ಕಟ್ಟಿದ್ದೇವೆ. ಬಯಲಿನಲ್ಲಿ ಕಳೆದ ರಾತ್ರಿ ಶಾರ್ಟ್ ರೆಸ್ಟ್. ನೀರಿರುವ ಕೆರೆಯ ಏರಿಯ ಮೇಲೆ, ಗಂಗಮ್ಮನ ಗುಡಿಯ ಅಂಗಳದಲ್ಲಿ ಕಳೆದ ರಾತ್ರಿ ಲಾಂಗ್ ರೆಸ್ಟ್. ಸಾಧಾರಣ ವೇಗದಲ್ಲಿ ತಂಡ ದಿನಕ್ಕೆ 24 ಮೈಲಿ ನಡೆಯುತ್ತದೆ, ಅಂದರೆ ನಾಲ್ಕು ಹೆಕ್ಸ್. ತುಂಬಿದ ಕೆರೆಗಳನ್ನು ಹನ್ನೆರಡು ಹೆಕ್ಸ್‌ಗೆ ಒಂದರಂತೆ ಇಟ್ಟರೆ ಎರಡು ರಾತ್ರಿ ಬಯಲು, ಮೂರನೆಯದು ಏರಿ. ವಾರ್ಲಾಕ್‌ಗೆ ಆರು ಸ್ಲಾಟ್, ಪುಸ್ತಕ ಬಯಸಿದಷ್ಟೇ.

ಕೋಡಿಹಳ್ಳ

ಇದು ಹೊಂದುತ್ತದೆ. ಮೂರು ದಿನಕ್ಕೊಮ್ಮೆ ಲಾಂಗ್ ರೆಸ್ಟ್ ಆದರೆ ಆರ್ಕೇನ್ ರಿಕವರಿಯನ್ನು ಬರದಸೀಮೆ ಅವರು ಇಟ್ಟಂತೆಯೇ ಇಡಬಹುದು. ಜೊತೆಗೆ ಎಂಟು ಗಂಟೆ ಅಥವಾ ಅದಕ್ಕೂ ಹೆಚ್ಚು ಬಾಳುವ ಮಂತ್ರಗಳ ಅವಧಿಯನ್ನು ಮುಂದಿನ ಲಾಂಗ್ ರೆಸ್ಟ್‌ವರೆಗೆ ಚಾಚಿ.

ಬರದಸೀಮೆ

ಗುಡಿಯ ಅಂಗಳದಲ್ಲಿ ಮಲಗಿದರೆ ಹೆಚ್ಚು ಶಕ್ತಿ, ಬಯಲಿನಲ್ಲಿ ಮಲಗಿದರೆ ಕಡಿಮೆ ಎಂಬುದನ್ನು ಆಟಗಾರರು ಒಪ್ಪುತ್ತಾರೆಯೇ? ಅದಕ್ಕಿಂತ ಮುಖ್ಯವಾಗಿ, ಮೂರು ದಿನಕ್ಕೊಂದು ತುಂಬಿದ ಕೆರೆ ಇರುವ ನಾಡನ್ನು ಬರದ ನಾಡು ಎನ್ನಲಾಗದು. ನನ್ನ ಲೋಕದ ಜೀವಾಳವೇ ಹೋಗುತ್ತದೆ.

ನಕ್ಷೆಗಾರ

ಒಪ್ಪುತ್ತಾರೆ, ಏಕೆಂದರೆ ಅದು ನಿಯಮವಾಗಿ ಅಲ್ಲ, ಆ ನಾಡಿನ ನಂಬಿಕೆಯಾಗಿ ಅವರಿಗೆ ಕೇಳಿಸುತ್ತದೆ. ಬರದ ಮಾತಿಗೆ ಬಂದರೆ, ಒಬ್ಬರಿಗೆ ದಿನಕ್ಕೆ ಒಂದು ಗ್ಯಾಲನ್ ನೀರು ಬೇಕು, ಬಿಸಿಲುನಾಡಿನಲ್ಲಿ ಎರಡು. ಐವರ ತಂಡಕ್ಕೆ ಹತ್ತು ಗ್ಯಾಲನ್. ದೈವಬಲದ ಮಂತ್ರ ಹಾಕುವ ಕ್ಲೆರಿಕ್‌ನ ಕ್ರಿಯೇಟ್ ಆರ್ ಡಿಸ್ಟ್ರಾಯ್ ವಾಟರ್ ಮಂತ್ರ ಮೊದಲ ಮಟ್ಟದ ಒಂದು ಸ್ಲಾಟ್‌ಗೆ ಕೊಡುವುದು ಸರಿಯಾಗಿ ಹತ್ತು ಗ್ಯಾಲನ್. ಪ್ರತಿ ರಾತ್ರಿ ಲಾಂಗ್ ರೆಸ್ಟ್ ಇದ್ದಾಗ ಆ ಒಂದು ಸ್ಲಾಟ್‌ಗೆ ಬೆಲೆಯೇ ಇರುವುದಿಲ್ಲ. ಮೂರು ದಿನಕ್ಕೆ ನಾಲ್ಕೇ ಇರುವಾಗ, ಕುಡಿಯುವ ನೀರಿಗೆ ಮೂರು ಹೋದರೆ ಗಾಯ ಮಾಯಿಸಲು ಉಳಿಯುವುದು ಒಂದು. ಇನ್ನು, ಹನ್ನೆರಡನೇ ಹೆಕ್ಸ್‌ನಲ್ಲಿ ಕೆರೆ ಇರಬೇಕು, ಆದರೆ ಅದು ಪ್ರತಿ ಸಲವೂ ತುಂಬಿರಲೇಬೇಕೆಂದು ಹಟವಿಲ್ಲ. ಬತ್ತಿದ ಕೆರೆಗೆ ಬಂದವರಿಗೆ ಲಾಂಗ್ ರೆಸ್ಟ್ ಸಿಗುವುದಿಲ್ಲ, ಮುಂದಿನ ಕೆರೆ ಇನ್ನೂ ಮೂರು ದಿನ ದೂರ. ನಿಮ್ಮ ಬರ ಅಲ್ಲಿ ಕಚ್ಚುತ್ತದೆ.

ಹಳೆದಾಳ

ಹಾಗೆ ಮಾಡಿದರೆ ಮೂರು ದಿನಕ್ಕೆ ಆರು ಕಾಳಗ ಇಡಬೇಕಾಗುತ್ತದೆ. ನಾನು ಮೊದಲೇ ಹೇಳಿದ ಸಂಖ್ಯೆಯೇ ಅದು.

ಇಪ್ಪತ್ತುಮುಖ

ಕಡಿಮೆ ಮಾಡಿ ಎಂದವರು ಈಗ ದಿನಕ್ಕೆ ಒಂದರಿಂದ ಎರಡಕ್ಕೆ ಏರಿಸುತ್ತಿದ್ದೀರಿ. ಇರಲಿ. ಕೈಜಾರುವ ನಿಯಮಕ್ಕೆ ಬೇರೆ ಚರ್ಚೆ ತೆರೆದಿದ್ದೇನೆ, ಅದರ ಜಗಳ ಅಲ್ಲಿಯೇ ಆಗಲಿ.

ಬರದಸೀಮೆ

ನಮ್ಮ ತಂಡ ಈಗ ದಾರಿಯ ನಡುವೆ, ನಾಲ್ಕನೇ ದಿನದಲ್ಲಿದೆ. ಮುಂದಿನ ಹೆಕ್ಸ್‌ನಲ್ಲಿ ಒಂದು ತುಂಬಿದ ಕೆರೆಯನ್ನು ಇಟ್ಟು ಹೊಸ ನಿಯಮವನ್ನು ಅಲ್ಲಿಂದಲೇ ಆರಂಭಿಸುತ್ತೇನೆ. ಅದರಾಚೆಯ ಕೆರೆಗಳಲ್ಲಿ ಯಾವುದು ಬತ್ತಿದೆ ಎಂಬುದನ್ನು ಆರು ಮುಖದ ದಾಳ ಉರುಳಿಸಿ ನಿರ್ಧರಿಸಲೇ?

ನಕ್ಷೆಗಾರ

ತಂಡ ಏರಿಯ ಮೇಲೆ ಬಂದು ನಿಂತಾಗ ದಾಳ ಉರುಳಿಸಬೇಡಿ. ಕೆರೆಗಳು ಸಾಲಿನಲ್ಲಿವೆ ಎಂದಿರಿ. ಮೇಲಿನದರ ಕೋಡಿಯನ್ನು ಯಾರೋ ಮುಚ್ಚಿದ್ದರೆ ಕೆಳಗಿನವೆಲ್ಲ ಬತ್ತುತ್ತವೆ. ಯಾರು ಮುಚ್ಚಿದರು ಎಂಬುದನ್ನು ಮೊದಲೇ ಬರೆದಿಟ್ಟುಕೊಂಡು, ಎದುರು ಬರುವ ಕುರಿಗಾಹಿಯ ಬಾಯಿಂದ ಒಂದು ದಿನ ಮುಂಚೆ ಸುದ್ದಿ ಹೇಳಿಸಿ. ದಾರಿ ಬದಲಿಸುವ ಅವಕಾಶ ಆಟಗಾರರಿಗೆ ಇರಬೇಕು.

ಕೋಡಿಹಳ್ಳ

ವಾರ್ಲಾಕ್ ಆಡುವವರಿಗೂ ಈ ಬದಲಾವಣೆಯನ್ನು ಸೆಷನ್‌ಗೆ ಮುಂಚೆಯೇ ತಿಳಿಸಿ. ಹದಿನಾರರಿಂದ ಆರಕ್ಕೆ ಇಳಿಯುತ್ತಿರುವವರು ಅವರು. ಅವಧಿಯೂ ಕಿರಿದಾಗಿದೆ ಎಂಬುದನ್ನು ಲೆಕ್ಕ ಹಾಕಿ ತೋರಿಸದಿದ್ದರೆ ಫೋನ್ ಕೈಬದಲಾಗುತ್ತದೆ, ಅಷ್ಟೇ.